ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ ಬಿಳಿ ಇಲಿ

ಔಷಧ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಬಿಳಿ ಇಲಿಯೊಂದಿತ್ತು. ಎಂಥ ಕಹಿ ಮದ್ದು ಕುಡಿಸಿದರೂ ಅದು ಒಮ್ಮೆಯೂ ವಾಂತಿ ಮಾಡಿದ್ದಿಲ್ಲ. "ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ದೊಡ್ಡ ಜೀವ" ಎಂದು ಡಾಕ್ಟರು ಹೊಗಳಿ ಹೊಗಳಿ, ಇಲಿಗೆ ತಾನು ಅರ್ಧ ಸನ್ಯಾಸಿ ಎಂಬ ಭ್ರಮೆ ಹುಟ್ಟಿತ್ತು. ಇಲಿಜಾತಿಗೆ ವಾಂತಿ ಮಾಡಲು ಬರುವುದೇ ಇಲ್ಲ ಎಂಬುದು, ಪಾಪ, ಅದಕ್ಕೇ ಗೊತ್ತಿರಲಿಲ್ಲ.

ಒಂದು ದಿನ ಚರಂಡಿಯಿಂದ ನುಗ್ಗಿದ ಸುಂಡಿಲಿಯೊಂದನ್ನು ಹಿಡಿದು ಪಕ್ಕದ ಪಂಜರಕ್ಕೆ ಹಾಕಿದರು. ಅದು ಹೆಸರಿಗಷ್ಟೇ ಇಲಿ, ಜಾತಿಯೇ ಬೇರೆ. ಮದ್ದು ಗಂಟಲಿಗೆ ಇಳಿದದ್ದೇ ತಡ, ಅದು ಡಾಕ್ಟರ ಅಂಗೈ ಮೇಲೇ ಕಕ್ಕಿತು.

"ಥೂ, ಸಂಸ್ಕಾರವಿಲ್ಲದ್ದೇ! ತಾಳಿದವನು ಬಾಳಿಯಾನು ಅಂತ ಕೇಳಿಲ್ಲವೇ? ಕೊಟ್ಟದ್ದನ್ನು ನುಂಗಿಕೊಂಡಿರಬೇಕು," ಎಂದಿತು ಬಿಳಿ ಇಲಿ.

"ನುಂಗೋಕೆ ಅದೇನು ಹೋಳಿಗೆಯೇನಣ್ಣ?" ಎಂದಿತು ಸುಂಡಿಲಿ.

ತ್ರಾಸು ಪಡುವ ಪ್ರಾಣಿಯನ್ನು ಪ್ರಯೋಗದಿಂದ ಬಿಟ್ಟುಬಿಡಬೇಕೆಂದು ಅಲ್ಲಿ ನಿಯಮವಿತ್ತು. ಹಾಗಾಗಿ ಸುಂಡಿಲಿಯನ್ನು ಎತ್ತಿಕೊಂಡು ಚರಂಡಿಯತ್ತ ಹೊರಟರು. "ನೀನು ತಾಳಿ ಬಾಳಣ್ಣ, ನಾನು ಕಕ್ಕಿ ಮನೆಗೆ ಹೋಗ್ತೀನಿ," ಎಂದು ಅದು ಕೂಗಿ ಹೇಳಿತು. ಅದರ ಪಾಲಿನ ಮದ್ದನ್ನೂ ಬಿಳಿ ಇಲಿಗೇ ಕುಡಿಸಿದರು.

ಇಲಿಯ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. "ಸನ್ಯಾಸ ಸಾಕು, ನಾನೂ ಕಕ್ಕಿಬಿಡುತ್ತೇನೆ" ಎಂದು ಕತ್ತು ಚಾಚಿ, ಬಾಯಿ ಅಗಲಿಸಿ, ಬಾಲದ ತುದಿಯವರೆಗೂ ತಿಣುಕಿತು. ಒಂದು ಹನಿಯೂ ಮೇಲೆ ಬರಲಿಲ್ಲ.

ಅಷ್ಟರಲ್ಲಿ, ಪ್ರಾಣಿಗಳಿಗೆ ಹಿಂಸೆಯಾಗುತ್ತಿದೆಯೇ ಎಂದು ನೋಡುವ ಸಮಿತಿಯವರು ಒಳಗೆ ಬಂದರು. ಡಾಕ್ಟರು ಹೆಮ್ಮೆಯಿಂದ ಪಂಜರ ತೋರಿಸಿದರು.

"ನೋಡಿ ಸಾರ್, ಇನ್ನೂ ಬೇಕು ಅಂತ ಬಾಯಿ ತೆಗೀತಿದೆ!"