ಸೊಸೆಗೂಗಿನ ಗುಡ್ಡ

ಗೌಜಲಹಟ್ಟಿಯಿಂದ ಬಡಗಣಕ್ಕೆ ಎರಡು ಮೈಲಿ ನಡೆದರೆ ಸಿಗುವ ಕುರುಚಲು ಗುಡ್ಡಕ್ಕೆ ಸೊಸೆಗೂಗಿನ ಗುಡ್ಡವೆಂದು ಹೆಸರು. ನೋಡಲು ಅಂಥ ಚೆಲುವೇನೂ ಇಲ್ಲ. ಆಳೆತ್ತರದ ಕವಳೆ ಮೆಳೆಗಳು, ನಡುವೆ ಒಂದು ಬೋಳು ಬಂಡೆ, ಅಷ್ಟೆ. ಆದರೆ ವೈಶಾಖ ಮುಗಿಯುತ್ತ ಬಂದು ಕವಳೆ ಹಣ್ಣು ಕಪ್ಪಗಾದವೆಂದರೆ ಊರಿನ ಹೆಂಗಸರನ್ನು ಮನೆಯಲ್ಲಿ ಹಿಡಿದಿಡಲು ಯಾರಿಂದಲೂ ಆಗದು. ಆ ಹಣ್ಣಿನ ಆಸೆ ಕರಡಿಗೂ ಉಂಟು. ಅದಕ್ಕೇ ಮೆಳೆಯೊಳಗೆ ಚದುರಿದವರು ಆಗಾಗ ‘ಕೂ’ ಎನ್ನಬೇಕು, ಕೇಳಿದವರು ಓಗೊಡಬೇಕು. ಓಗೊಡದವರನ್ನು ಹುಡುಕಿಕೊಂಡು ಓಡಬೇಕು. ಇದು ಹಳೆಯ ಕಟ್ಟಳೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ ಎನ್ನುತ್ತಾರೆ, ಈ ಊರಿನ ಕ್ಯಾತವ್ವ ಎಂಬವಳು ಹೊಸ ಸೊಸೆ ಈರಕ್ಕನನ್ನು ಹಣ್ಣಿಗೆ ಕರೆತಂದಳು. ಕ್ಯಾತವ್ವನ ಬಾಯಿ ಊರಿಗೇ ಕೇಳಿಸುವಂಥದು; ಸೊಸೆಯ ಬಾಯಿ ಮಾತ್ರ ಪಕ್ಕದ ಕೋಣೆಗೂ ಕೇಳಿಸಬಾರದು. ಅತ್ತೆಯೆದುರು ದನಿಯೆತ್ತುವ ಸೊಸೆ ಮನೆಗೆ ಬೇಡವೆಂದು ಮದುವೆಯ ದಿನವೇ ಹೇಳಿ ಮುಗಿಸಿದ್ದಳು. ಗುಡ್ಡದ ಕಟ್ಟಳೆಯನ್ನೂ ದಾರಿಯಲ್ಲಿ ಹೇಳಿದಳು, ನಿಜ. ಆದರೆ ಆ ಹುಡುಗಿ, ಪಾಪ, ಬಾಯಿ ತೆರೆಯಲು ಅಂಜಿದಳು. ಅತ್ತೆ ‘ಕೂ’ ಎಂದರೆ ಈಕೆಯ ಉತ್ತರ ತುಟಿಯೊಳಗೇ. ಮೂರು ಸಲ ಕೂಗಿದರೂ ಉತ್ತರ ಬಾರದಿರಲು ಕ್ಯಾತವ್ವ ಸೊಸೆಯನ್ನು ಕರಡಿ ಕೆಡವಿತೆಂದೇ ಬಗೆದು, ಬುಟ್ಟಿ ಬಿಸುಟು, ಮುಳ್ಳಿಗೆ ಸೀರೆ ಹರಿಯುವುದನ್ನೂ ನೋಡದೆ ಮೆಳೆಯೊಳಗೆ ನುಗ್ಗಿದಳು. “ಈರೀ, ಬೈದಾದ್ರೂ ಓಗೊಡೇ ನನ್ನವ್ವಾ!”

ಈರಕ್ಕನಿಗೆ ಏನೂ ಆಗಿರಲಿಲ್ಲ, ಬಂಡೆಯ ಮೇಲೆ ನಿಂತಿದ್ದಳು. ಅಲ್ಲಿಂದ ಅವಳಿಗೆ ಅತ್ತೆಯ ತಲೆ ಕಂಡಿತು. ಅತ್ತೆ ನುಗ್ಗಿ ಬರುತ್ತಿದ್ದ ಹಾದಿಯಲ್ಲೇ ಮರಿಯೊಂದಿಗೆ ಕೂತ ಕರಡಿಯೂ ಕಂಡಿತು. ಕೈ ಬೀಸಿದಳು, ಅತ್ತೆ ಮೇಲೆ ನೋಡಲಿಲ್ಲ. ಬಾಯಿ ತೆರೆದಳು, ಅತ್ತೆಯೆದುರು ದನಿಯೆತ್ತಬಾರದೆಂಬ ಮಾತು ನೆನೆದು ಮುಚ್ಚಿದಳು. ಕೊನೆಗೂ ಹೊರಟ ದನಿ ಸುತ್ತಲ ಹಟ್ಟಿಗಳಿಗೂ ಮುಟ್ಟಿತಂತೆ: “ಅತ್ತೇ, ನಿಂತ್ಕಳ್ರೀ! ಕರಡಿ ಐತೆ!” ಕ್ಯಾತವ್ವ ನಿಂತಳು, ಆದರೆ ಅಷ್ಟರಲ್ಲಿ ಒಂದು ಹೆಜ್ಜೆ ಹೆಚ್ಚಾಗಿಹೋಗಿತ್ತು; ಕರಡಿ ಮೇಲೆರಗಿತು. ಹಣ್ಣಿಗೆ ಬಂದಿದ್ದ ಹೆಂಗಸರೆಲ್ಲ ಬೊಬ್ಬೆಯಿಡುತ್ತ ಬಂದಾಗ ಕರಡಿ ಓಡಿತು. ಕ್ಯಾತವ್ವನ ಪ್ರಾಣ ಉಳಿಯಿತು, ಎಡಗಣ್ಣು ಹೋಯಿತು. ಅಳುತ್ತ ಕಾಲು ಹಿಡಿದ ಸೊಸೆಗೆ ಅವಳು, “ನಿನ್ ದನಿ ಕಟ್ಟಾಕಿದ್ದು ನಾನೇ ಕಣವ್ವ” ಎಂದಳಂತೆ. ಹೀಗೆ ಒಪ್ಪಿಕೊಂಡ ಅತ್ತೆಯ ಸುದ್ದಿಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಈಗಲೂ ಹಣ್ಣಿನ ದಿನಗಳಲ್ಲಿ ಅಲ್ಲಿಗೆ ಹೋದವರು ನೋಡಬಹುದು. ಆ ವರ್ಷ ಬಂದ ಸೊಸೆಯನ್ನು ಮೊದಲು ಬಂಡೆ ಹತ್ತಿಸುತ್ತಾರೆ. ಅವಳು ‘ಅತ್ತೇ’ ಎಂದು ಕೂಗುವವರೆಗೆ ಯಾರೂ ಒಂದು ಹಣ್ಣನ್ನೂ ಕೀಳುವಂತಿಲ್ಲ. ನಾಚಿಕೊಂಡು ಮೆಲ್ಲಗೆ ಕೂಗಿದರೆ ಕೆಳಗೆ ನಿಂತ ಅತ್ತೆ ಬಿಡುವುದಿಲ್ಲ. “ಕೇಳಿಸ್ಲಿಲ್ಲ, ಇನ್ನೂ ಜೋರಾಗಿ!” ಎನ್ನುತ್ತಾಳೆ.