ರೆಕ್ಕೆಯ ಮೇಲಿನ ಉಣ್ಣೆದಾರ

"ಅವ್ವಾ, ನಿಮಗೆ ಎಂಬತ್ತು ತುಂಬಿತು. ಶಿಷ್ಯರೆಲ್ಲ ಸೇರಿ ನಿಮ್ಮ ಮೇಲೊಂದು ಅಭಿನಂದನ ಗ್ರಂಥ ತರಬೇಕೆಂದಿದ್ದೇವೆ. ಒಪ್ಪುತ್ತೀರಾ?"

ಎರಡು ಬಟ್ಟಲು ಅಂಬಲಿ ಕುಡಿದು, ಬಾಯಿ ಒರೆಸಿಕೊಂಡು ಶಿಷ್ಯ ಕೇಳಿದ. ಅವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕತೆ ಹೇಳಿದಳು.

ಒಬ್ಬ ಪ್ರೊಫೆಸರ್ ಇದ್ದ. ವಿಮಾನ ಹೇಗೆ ಹಾರುತ್ತದೆಂದು ಪಾಠ ಹೇಳುವವನು. ಪರದೇಶದಲ್ಲಿ ಓದಿ ಬಂದವನು. ಮೂವತ್ತಕ್ಕೆ ಕುರ್ಚಿ ಸಿಕ್ಕಿತು, ಐವತ್ತಕ್ಕೆ ಪದಕ ಸಿಕ್ಕಿತು. ಶಿಷ್ಯರೋ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಒಂದು ದಿನ ಅವನ ಮನೆಯಲ್ಲಿ ಶಿಷ್ಯರಿಗೆ ಊಟ. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. "ಗುರುಗಳ ಮನೆಯ ರುಚಿಯೇ ಬೇರೆ" ಎಂದು ಎಲ್ಲರೂ ಸುರಿಸುರಿದು ಉಂಡರಂತೆ. ನಾನೇನು ಇಣುಕಲು ಹೋಗಿರಲಿಲ್ಲ ಮಾರಾಯಾ. ಬಡಿಸಿದ ಹೆಂಡತಿಯೇ ಬೀದಿಗೆಲ್ಲ ಹೇಳಿಕೊಂಡು ನಕ್ಕಳು.

ಅವನು ಒಂದು ಚಿಕ್ಕ ವಿಮಾನದ ರೆಕ್ಕೆಗೆ ಲೆಕ್ಕ ಹಾಕಿಕೊಟ್ಟ. ಅದನ್ನು ಪರೀಕ್ಷೆ ಮಾಡುವುದಕ್ಕೆ ಗಾಳಿ ನುಗ್ಗಿಸುವ ದೊಡ್ಡ ಕೊಳವೆ ಇರುತ್ತದೆ. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ರೆಕ್ಕೆಯ ತುಂಬ ಉಣ್ಣೆದಾರದ ತುಂಡು ಅಂಟಿಸುತ್ತಾರೆ. ದಾರ ಹಿಂದಕ್ಕೆ ನೆಟ್ಟಗೆ ಮಲಗಿದರೆ ಗಾಳಿ ರೆಕ್ಕೆಯನ್ನು ಹಿಡಿದಿದೆ ಎಂದು ಅರ್ಥ. ಕುಣಿದು ಮುಂದಕ್ಕೆ ತಿರುಗಿದರೆ ಕೈಬಿಟ್ಟಿತು.

ದಾರ ಅಂಟಿಸುವವನು ಒಬ್ಬ ಮೆಕ್ಯಾನಿಕ್. ಏಳನೇ ಕ್ಲಾಸು ಮುಗಿಸಿದವನು. ಅವನು ಎಲ್ಲರ ಮುಂದೆ ಅಂದುಬಿಟ್ಟ: "ಸರ್, ಮೂತಿ ಎತ್ತಿದಾಗ ರೆಕ್ಕೆಯ ತುದಿಯ ದಾರವೇ ಮೊದಲು ತಿರುಗ್ತಾ ಇದೆ. ಇಳಿಯುವಾಗ ಮಗುಚಿಕೊಂಡೀತು."

"ನಿನ್ನ ದಾರ ಯಾವ ಕಾಲೇಜಿನಲ್ಲಿ ಓದಿತಯ್ಯಾ?"

ಶಿಷ್ಯರು ಗೊಳ್ಳೆಂದು ನಕ್ಕರು. "ಕಿತ್ತುಹಾಕು. ನಾಳೆ ಫೋಟೊದವರು ಬರುತ್ತಾರೆ" ಎಂದ ಪ್ರೊಫೆಸರ್. ಮೆಕ್ಯಾನಿಕ್ ಕಿತ್ತುಹಾಕಿದ. ರೆಕ್ಕೆ ಮದುಮಗಳ ಕೆನ್ನೆಯ ಹಾಗೆ ನುಣ್ಣಗಾಯಿತು.

ಆ ವಿಮಾನವನ್ನು ಮೊದಲ ಸಲ ಹಾರಿಸಿದವನು ಪ್ರೊಫೆಸರನ ಶಿಷ್ಯನೇ. ಏರಿದ್ದು ಚೆನ್ನಾಗಿಯೇ ಏರಿತು. ಇಳಿಯುವಾಗ ಮಗುಚಿಕೊಂಡಿತು. ಅವನಿಗೆ ಇಪ್ಪತ್ತೊಂಬತ್ತು ವರ್ಷ. ಹಾರಿಸಿದವನದೇ ತಪ್ಪು ಎಂದು ವರದಿ ಬರೆದರು. ಪ್ರೊಫೆಸರ್ ರುಜು ಹಾಕಿದ, ಅವನ ಕೆಳಗೆ ಶಿಷ್ಯರು ಸಾಲಾಗಿ ಹಾಕಿದರು. ಸತ್ತವನು ಬಂದು ವಾದ ಮಾಡುತ್ತಾನೆಯೇ? ದಾರದ ಮಾತೆತ್ತಿದ ಮೆಕ್ಯಾನಿಕ್‌ನನ್ನು ಹಾಸ್ಟೆಲಿನ ನೀರಿನ ಪಂಪು ನೋಡಿಕೊಳ್ಳಲು ಹಾಕಿದರು.

ಪ್ರೊಫೆಸರ್ ನಿವೃತ್ತನಾದ. ದಿಂಬಿನಷ್ಟು ದಪ್ಪದ ಅಭಿನಂದನ ಗ್ರಂಥ ಬಂತು. ನಲವತ್ತೊಂದು ಮಂದಿ ಶಿಷ್ಯರು, ನಲವತ್ತೊಂದು ಲೇಖನ. ಸತ್ತವನ ಹೆಸರು ಒಂದು ಪುಟದಲ್ಲೂ ಇಲ್ಲ.

ಸಭೆಯಲ್ಲಿ ಹಾರ ಹಾಕುವವರ ಸಾಲಿನಲ್ಲಿ ಆ ಮೆಕ್ಯಾನಿಕ್ಕೂ ನಿಂತಿದ್ದ. ಕರೆಯದೇ ಬಂದಿದ್ದ. ಪ್ರೊಫೆಸರನ ಕಿವಿಯಲ್ಲಿ ಇಷ್ಟು ಹೇಳಿ ಇಳಿದುಹೋದ: "ಹಾರುವ ಹಿಂದಿನ ಸಂಜೆ ಆ ಹುಡುಗ ನನ್ನ ಹತ್ತಿರ ಬಂದಿದ್ದ ಸರ್. 'ದಾರ ತಿರುಗಿದ್ದು ನಾನೂ ನೋಡಿದೆ ಅಣ್ಣಾ, ಗುರುಗಳಿಗೆ ಹೇಗೆ ಹೇಳಲಿ' ಅಂದ. ಹೇಳಲಾರದೆ ಹತ್ತಿ ಕೂತ."

ಪ್ರೊಫೆಸರ್ ಶಿಷ್ಯರು ಕೂತಿದ್ದ ಮುಂದಿನ ಸಾಲಿನ ಕಡೆ ತಿರುಗಿ ಕೇಳಿದ, ನೀವೂ ನೋಡಿದ್ದಿರಾ ಎಂದು. ನಲವತ್ತೊಂದು ತಲೆಗಳೂ ಬಗ್ಗಿದವು. ಹಿಂದೆ ಕೂತಿದ್ದ ಜನ ಅದನ್ನೂ ಗುರುಭಕ್ತಿಯೆಂದು ತಿಳಿದು ಚಪ್ಪಾಳೆ ತಟ್ಟಿದರು.

ಈಗ ಅವನು ಉಣ್ಣಲು ಕೂತರೆ ತುತ್ತಿಗೊಮ್ಮೆ ಹೆಂಡತಿಯನ್ನು ಕೇಳುತ್ತಾನಂತೆ, ಉಪ್ಪು ಸರಿಯಾಗಿದೆಯಾ ಎಂದು. ಸರಿಯಾಗಿದೆ ಅಂದರೂ ನಂಬುವುದಿಲ್ಲವಂತೆ.

ಕತೆ ಮುಗಿಯಿತು. ಶಿಷ್ಯನಿಗೆ ಸಿಟ್ಟು ಬಂದಿತ್ತು. "ಥೂ, ಅವರೂ ಶಿಷ್ಯರೇ ಅವ್ವಾ? ಒಬ್ಬನಿಗಾದರೂ ಬಾಯಿ ಬೇಡವೇ?" ಎಂದ.

ಅವ್ವ ಅವನ ಮುಂದಿದ್ದ ಖಾಲಿ ಬಟ್ಟಲನ್ನು ನೋಡಿದಳು.

"ಇವತ್ತಿನ ಅಂಬಲಿಗೆ ನಾನು ಉಪ್ಪೇ ಹಾಕಿರಲಿಲ್ಲ ಮಗಾ, ಎರಡನೇ ಬಟ್ಟಲು ಯಾಕೆ ಕೇಳಿದೆ?"