ಬಾವಲಿ ತಲೆಕೆಳಗಾದ ದಿನ

ಲೋಕ ಇನ್ನೂ ಹೊಸದಾಗಿತ್ತು. ಯಾವ ಕಡೆ ಹರಿಯಬೇಕೆಂದು ನದಿಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಆಗ ಬಾವಲಿಗಳೂ ಕಾಗೆ, ಗಿಳಿಗಳ ಹಾಗೆ ಕೊಂಬೆಯ ಮೇಲೆ ನೆಟ್ಟಗೆ ಕೂರುತ್ತಿದ್ದವು. ನಂಬುವುದಿಲ್ಲವಾ? ಕೂರುತ್ತಿದ್ದವು, ಬಹಳ ಕಷ್ಟಪಟ್ಟು. ಅವುಗಳ ಕಾಲು ನೋಡಿದ್ದೀಯಲ್ಲ, ಒಣಕಡ್ಡಿ!

ಒಂದು ಬೆಳಿಗ್ಗೆ ಗಾಳಿ ಆಲದ ಮರದೊಳಗೆ ನುಗ್ಗಿ ಕುಣಿದಾಡಿತು. ತಾಯಿಬಾವಲಿಯ ಎದೆಗೆ ಅಂಟಿಕೊಂಡಿದ್ದ ಪುಟ್ಟ ಮರಿ ಜಾರಿ ಕೆಳಗೆ ಬಿತ್ತು.

ಮರದ ಕೆಳಗೆ ಚೌಡವ್ವ ಎಂಬಾಕೆ ಬಟ್ಟೆ ಒಣಹಾಕುತ್ತಿದ್ದಳು. ಹಳೇ ಸೀರೆಯ ತುಂಡಿನಲ್ಲಿ ಮರಿಯನ್ನು ಮೆಲ್ಲಗೆ ಎತ್ತಿಕೊಂಡಳು.

"ಅಯ್ಯೋ ಕಂದಾ, ಮೈಯೆಲ್ಲ ತಣ್ಣಗಾಗೈತಲ್ಲೋ!"

ಮಡಿಲಲ್ಲಿಟ್ಟು ಬೆಚ್ಚಗೆ ಮಾಡಿದಳು. ಹಾಲಿನಲ್ಲಿ ಬತ್ತಿ ಅದ್ದಿ ಬಾಯಿಗಿಟ್ಟಳು. ಮರಿ ಮುಖ ತಿರುಗಿಸಿತು. ಮತ್ತೆ ಇಟ್ಟಳು. ಮತ್ತೆ ತಿರುಗಿಸಿತು. ಚೌಡವ್ವನಿಗೆ ಹೆದರಿಕೆಯಾಯಿತು.

"ಇವತ್ತು ಇದರ ಅವ್ವ ಸಿಗದಿದ್ರೆ ಇದು ಉಳಿಯಾಕಿಲ್ಲ. ಅವಳ ಕಣ್ಣಿಗೆ ಬೀಳೋ ಹಂಗೆ ಇಡ್ತೀನಿ."

ಸೀರೆಯ ತುಂಡನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಹಾಕಿ, ಅದರ ಮೇಲೆ ಮರಿಯನ್ನು ಕೂರಿಸಿದಳು. ಮರಿ ಪಲ್ಟಿ ಹೊಡೆದು ಬಟ್ಟೆಗೆ ಉಗುರು ಸಿಕ್ಕಿಸಿ ನೇತಾಡಿತು. ಎತ್ತಿ ಕೂರಿಸಿದಳು. ಮತ್ತೆ ಪಲ್ಟಿ!

"ನೆಟ್ಟಗೆ ಕುಂತ್ಕಳೋ ಮಾರಾಯ! ಹೋಗ್ಲಿ, ನಿಂಗೆ ಹೆಂಗೆ ಸುಖವೋ ಹಂಗಿರು."

ಮೇಲೆ ತಾಯಿ ಅಳುತ್ತಾ ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ಹಿಂದೆ ನೋಡಿತು, ಮುಂದೆ ನೋಡಿತು. ಕೆಳಗಿನದು ಮಾತ್ರ ಕಾಣುತ್ತಿರಲಿಲ್ಲ, ಅದರ ರೆಕ್ಕೆಯೇ ಅಡ್ಡ.

"ಗಾಳಿಯಣ್ಣಾ, ನನ್ನ ಮಗುವನ್ನು ಎಲ್ಲಿಗೆ ಒಯ್ದೆ?"

ಗಾಳಿಗೆ ನಾಚಿಕೆಯಾಯಿತು. "ಎಲ್ಲಿಗೂ ಒಯ್ದಿಲ್ಲ ತಾಯಿ. ಕೆಳಗೆ ನೋಡು."

ತಾಯಿ ಬಗ್ಗಿತು.

"ಇನ್ನೂ ಕೆಳಗೆ."

ಇನ್ನೂ ಬಗ್ಗಿತು.

"ಇನ್ನೂ!"

ಅಷ್ಟರಲ್ಲಿ ಕಾಲು ಜಾರಿತು. ತಾಯಿ ಹೇಗೋ ಉಗುರಿನಿಂದ ಕೊಂಬೆ ಹಿಡಿದು ಜೋತಾಡಿತು. ನೋಡಿದರೆ, ಹಗ್ಗದ ಬಟ್ಟೆಯಲ್ಲಿ ತನ್ನಂತೆಯೇ ತಲೆಕೆಳಗಾಗಿ ಒಂದು ಪುಟ್ಟ ಮುಖ!

ತಾಯಿ ಸರ್ರನೆ ಇಳಿಯಿತು. ಮರಿ ಅದರ ಎದೆಗೆ ಅಂಟಿಕೊಂಡು ಚಪ್ಪರಿಸುತ್ತಾ ಹಾಲು ಕುಡಿಯಿತು. ಚೌಡವ್ವ ಅದೇ ಸೀರೆ ತುಂಡಿನಲ್ಲಿ ಕಣ್ಣೊರೆಸಿಕೊಂಡಳು.

ಆಮೇಲೆ ಆ ತಾಯಿ ನೆಟ್ಟಗೆ ಕೂರಲೇ ಇಲ್ಲ.

"ಇದೇನೇ ನಿನ್ನ ಅವತಾರ?" ಎಂದು ಉಳಿದ ಬಾವಲಿಗಳು ನಕ್ಕವು.

"ಹೀಗಿದ್ದರೆ ನೆಲವೆಲ್ಲ ಕಾಣುತ್ತದೆ ಕಣ್ರೇ. ಯಾರ ಮಗು ಬಿದ್ದರೂ ಗೊತ್ತಾಗುತ್ತದೆ."

ನಗು ನಿಂತಿತು. ಒಂದು ಬಾವಲಿ ತಲೆಕೆಳಗಾಯಿತು. ಇನ್ನೊಂದೂ ಆಯಿತು. ಕತ್ತಲಾಗುವಷ್ಟರಲ್ಲಿ ಮರಕ್ಕೆ ಮರವೇ ತಲೆಕೆಳಗು.

ಇವತ್ತಿಗೂ ಆಲದ ಮರದ ಕೆಳಗೆ ನಿಂತು ನೀನು ಕತ್ತೆತ್ತಿದರೆ, ಜೋತುಬಿದ್ದ ಬಾವಲಿಗಳು ನಿನ್ನನ್ನೇ ದಿಟ್ಟಿಸುತ್ತವಲ್ಲ, ಹೆದರಬೇಡ. ಯಾರ ಮಗುವಪ್ಪಾ ಇದು, ಕೆಳಗೆ ಬಿದ್ದಿದೆ ಎಂದು ನೋಡುತ್ತಿರುತ್ತವೆ.